ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದಿನ ಓದಿಗೆ ಆರ್ಥಿಕ ನೆರವು: ಗ್ರಾಮ ಪಂಚಾಯತಿ ಸದಸ್ಯರು ಮಾಡಬಹುದಾದ ಕೆಲಸ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಬೆಳಗಿನಿಂದ ತಾವು ತೆರಿಗೆ ವಸೂಲಿ, ಕುಡಿಯುವ ನೀರು, ಘನತ್ಯಾಜ್ಯ ವಿಲೇವಾರಿ ಮೊದಲಾದ ವಿಷಯಗಳನ್ನು ಕೇಳಿದ್ದೀರಿ. ಈಗ ನಾನು ಹೇಳಲಿರುವ ವಿಷಯ ನಮ್ಮ ಕ್ರಿಯಾಯೋಜನೆಯ ಯಾವ ಕಾಲಂನಲ್ಲಿಯೂ ಇಲ್ಲ. ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗು ನಾಳೆ ಪಿಯುಸಿಗೋ, ಡಿಪ್ಲೊಮಾಕ್ಕೋ, ಐಟಿಐಗೋ, ಪದವಿಗೋ ಹೋಗುವಾಗ ಸರ್ಕಾರದಿಂದ ಬರಬೇಕಾದ ಹಣ ಆ ಮಗುವಿನ ಕೈಸೇರುವಂತೆ ಮಾಡುವುದು ಹೇಗೆ ಎಂಬುದು ಆ ವಿಷಯ. ‘ಇದು ಶಾಲೆಯ ಕೆಲಸ, ಕಾಲೇಜಿನ ಕೆಲಸ, ಪಂಚಾಯತಿಗೇನು ಸಂಬಂಧ?’ ಎಂದು ಕೆಲವರು ಕೇಳಬಹುದು. ನಾನೂ ಸೇವೆಗೆ ಸೇರಿದ ಹೊಸತರಲ್ಲಿ ಹಾಗೆಯೇ ಭಾವಿಸಿದ್ದೆ. ನಾಲ್ಕೈದು ವರ್ಷ ಕಚೇರಿಯ ಕಿಟಕಿಯ ಬಳಿ ನಿಂತ ತಾಯಂದಿರ ಮಾತು ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಅರ್ಜಿಯನ್ನು ತುಂಬುವುದು ಕಾಲೇಜಿನ ಕಾಲದಲ್ಲಿಯಾದರೂ ಅದು ತಿರಸ್ಕೃತವಾಗುವ ಕಾರಣಗಳು ಹಳ್ಳಿಯಲ್ಲಿ, ಮನೆಯಲ್ಲಿ, ಮಗು ಎಂಟನೆಯ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಹುಟ್ಟಿಕೊಂಡಿರುತ್ತವೆ. ಅಲ್ಲಿ ಕಾಲೇಜಿನ ಪ್ರಾಚಾರ್ಯರು ಇರುವುದಿಲ್ಲ. ನೀವು ಇರುತ್ತೀರಿ.

ನನ್ನದೇ ಒಂದು ಅನುಭವವನ್ನು ಹೇಳಿ ಮುಂದುವರಿಯುತ್ತೇನೆ. ನಾನು ಕೃಷ್ಣಾ ತೀರದ ಒಂದು ಹಳ್ಳಿಯವನು. ತಂದೆಯವರಿಗೆ ಎರಡೆಕರೆ ಕಬ್ಬಿನ ಹೊಲ. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ನನ್ನ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಯಿತು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು ಎಂಬುದೇ ಕಾರಣ. ಅದನ್ನು ಸೂಚನಾಫಲಕಕ್ಕೆ ಅಂಟಿಸಿದ್ದರಂತೆ, ನಾನು ನೋಡುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದು ಹನ್ನೊಂದು ದಿನಗಳಾಗಿದ್ದವು. ಆ ವರ್ಷ ಶುಲ್ಕ ತುಂಬಲು ಅಪ್ಪ ಹಾಲು ಕೊಡುತ್ತಿದ್ದ ಎಮ್ಮೆಯನ್ನು ಮಾರಿದರು. ಅವ್ವ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ರಜೆಗೆ ಊರಿಗೆ ಹೋದಾಗ ಬರಿದಾಗಿದ್ದ ಗೂಟವನ್ನು ನೋಡಿ ನನಗೆ ತಿಳಿಯಿತು. ನಾಡಕಚೇರಿಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುವ ಒಂದು ಕಾಗದವನ್ನು ಮೂರು ತಿಂಗಳು ಮೊದಲು ಮಾಡಿಸಿದ್ದರೆ ಆ ಎಮ್ಮೆ ಉಳಿಯುತ್ತಿತ್ತು. ತಪ್ಪು ನನ್ನದೇ. ಆದರೆ ನೆನಪಿಸುವವರು ಯಾರೂ ಇರಲಿಲ್ಲ ಎಂಬುದೂ ನಿಜ.

ನಮ್ಮ ಭಾಗದಲ್ಲಿ ಈ ನೆರವಿಗೆ ಇನ್ನೊಂದು ಮಹತ್ವವಿದೆ. ಕಾರ್ಖಾನೆಗಳಲ್ಲಿ ಕಬ್ಬು ನುರಿಯುವುದು ಮಳೆಗಾಲ ಮುಗಿದ ಬಳಿಕ. ಕಬ್ಬಿನ ಬಿಲ್ಲು ಕೈಗೆ ಬರುವುದು ಅದಕ್ಕೂ ನಂತರ. ಕಾಲೇಜಿನ ಪ್ರವೇಶವಾದರೋ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ. ರೈತನ ಕೈ ಅತ್ಯಂತ ಬರಿದಾಗಿರುವ ಹೊತ್ತಿಗೇ ಶುಲ್ಕದ ರಸೀದಿ ಎದುರಿಗೆ ಬರುತ್ತದೆ. ಆಗ ನಡೆಯುವ ಲೆಕ್ಕಾಚಾರವನ್ನು ನೀವೆಲ್ಲ ನೋಡಿದ್ದೀರಿ. ಹುಡುಗನಾದರೆ ಇಚಲಕರಂಜಿಯ ಮಗ್ಗಕ್ಕೋ, ಕೊಲ್ಲಾಪುರದ ಫೌಂಡ್ರಿಗೋ, ಹುಪರಿಯ ಬೆಳ್ಳಿ ಕೆಲಸಕ್ಕೋ ಹೊರಡುತ್ತಾನೆ. ಹುಡುಗಿಯಾದರೆ ‘ಒಂದು ವರ್ಷ ಮನೆಯಲ್ಲಿರಲಿ, ಮುಂದೆ ನೋಡೋಣ’ ಎನ್ನುತ್ತಾರೆ. ಆ ಒಂದು ವರ್ಷದಲ್ಲಿ ಏನಾಗುತ್ತದೆ ಎಂಬುದನ್ನು ಬಾಲ್ಯವಿವಾಹ ತಡೆಯಲು ಹೋಗಿ ಬಂದಿರುವ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಅರ್ಜಿಗಳು ಎಲ್ಲಿ ಮುಗ್ಗರಿಸುತ್ತವೆ ಎಂಬುದಕ್ಕೆ ಬರುತ್ತೇನೆ. ಯೋಜನೆಗಳ ಹೆಸರುಗಳನ್ನು ಆಮೇಲೆ ಹೇಳುತ್ತೇನೆ. ಹೆಸರು ಗೊತ್ತಿದ್ದರೂ ಹಣ ಬಾರದಿರುವುದು ಈ ಕೆಳಗಿನ ಕಾರಣಗಳಿಂದ.

ಮೊದಲನೆಯದು ವಿದ್ಯಾರ್ಥಿಯ ಹೆಸರು. ಕರ್ನಾಟಕದ ವಿದ್ಯಾರ್ಥಿವೇತನಗಳೆಲ್ಲ ಬಹುಪಾಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವ ತಾಣದ ಮೂಲಕವೇ ನಡೆಯುತ್ತವೆ. ಆ ತಾಣವು ಆಧಾರ್, ಶಾಲಾ ದಾಖಲೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತದೆ. ಬೆಂಗಳೂರಿನ ಕಡೆಯವರಿಗೆ ಇನಿಶಿಯಲ್‌ನ ತೊಂದರೆಯಾದರೆ ನಮಗೆ ಅಡ್ಡಹೆಸರಿನ ತೊಂದರೆ. ನಮ್ಮ ಭಾಗದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳಿವೆ. ಮರಾಠಿ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ, ಕನ್ನಡ ಶಾಲೆಯಲ್ಲಿ ಕೊನೆಗೆ, ಆಧಾರ್‌ನಲ್ಲಿ ಒಮ್ಮೊಮ್ಮೆ ಇರುವುದೇ ಇಲ್ಲ. ಕಾಂಬಳೆ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಬಿ’ ಮತ್ತು ‘ಎಲ್’ ಅಕ್ಷರಗಳ ನಡುವೆ ಒಂದು ‘ಎ’ ಇದೆಯೋ ಇಲ್ಲವೋ ಎಂಬುದು ನಮ್ಮ ಊರಿನ ಒಬ್ಬ ಹುಡುಗನ ಒಂದು ವರ್ಷದ ವಿದ್ಯಾರ್ಥಿವೇತನವನ್ನೇ ತಿಂದುಹಾಕಿತು. ಅಣ್ಣನ ದಾಖಲೆಯಲ್ಲಿ ‘ಎ’ ಇತ್ತು, ತಮ್ಮನದರಲ್ಲಿ ಇರಲಿಲ್ಲ. ಇಬ್ಬರೂ ಒಂದೇ ಮನೆಯವರೆಂದು ಊರಿಗೆಲ್ಲ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ.

ಈ ತಿದ್ದುಪಡಿಗೆ ಒಂದು ಕಾಲವಿದೆ. ಮಗು ಶಾಲೆಯಲ್ಲಿರುವಾಗ, ಹತ್ತನೆಯ ತರಗತಿಯ ಪರೀಕ್ಷಾ ನೋಂದಣಿಗೆ ಮುಂಚೆ, ಮುಖ್ಯೋಪಾಧ್ಯಾಯರ ಹಂತದಲ್ಲಿ ಇದನ್ನು ಸರಿಪಡಿಸುವುದು ಸುಲಭ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮುದ್ರಣವಾದ ಬಳಿಕ ಹೆಸರಿನ ಒಂದು ಅಕ್ಷರಕ್ಕಾಗಿ ಪರೀಕ್ಷಾ ಮಂಡಳಿಯವರೆಗೂ, ಜನ್ಮದಿನಾಂಕವಾದರೆ ನ್ಯಾಯಾಲಯದವರೆಗೂ ಅಲೆಯಬೇಕಾಗುತ್ತದೆ. ಅಂಕಪಟ್ಟಿ ಬಂದ ಮೇಲೆ ಆಧಾರ್ ಅನ್ನೇ ಅಂಕಪಟ್ಟಿಗೆ ತಕ್ಕಂತೆ ತಿದ್ದಿಸುವುದು ಜಾಣತನ. ಆದ್ದರಿಂದ ಒಂಬತ್ತನೆಯ ತರಗತಿಯ ಮಕ್ಕಳ ಆಧಾರ್ ಪ್ರತಿಯನ್ನು ಶಾಲಾ ದಾಖಲೆಯ ಪಕ್ಕದಲ್ಲಿಟ್ಟು ಒಮ್ಮೆ ಓದಿ ನೋಡುವುದೇ ಈ ಇಡೀ ಕೆಲಸದ ಅರ್ಧ ಭಾಗ ಎಂದು ನಾನು ಹೇಳುತ್ತೇನೆ. ಅದೇ ವೇಳೆಗೆ ಹದಿನೈದು ವರ್ಷ ತುಂಬಿದ ಮಕ್ಕಳ ಬೆರಳಚ್ಚು ಮತ್ತು ಭಾವಚಿತ್ರದ ನವೀಕರಣವೂ ಆಗಬೇಕು. ಐದನೆಯ ಮತ್ತು ಹದಿನೈದನೆಯ ವಯಸ್ಸಿನಲ್ಲಿ ಅದು ಕಡ್ಡಾಯ.

ಎರಡನೆಯದು ಬ್ಯಾಂಕ್ ಖಾತೆ. ಇಲ್ಲಿ ನಮ್ಮ ಐದು ತಾಲ್ಲೂಕುಗಳದೇ ಆದ ಒಂದು ವಿಶೇಷ ತೊಡಕಿದೆ. ನಾವು ಸಹಕಾರದ ನಾಡಿನವರು. ಹೆಚ್ಚಿನ ಮನೆಗಳ ಉಳಿತಾಯ, ಸಾಲ ಎಲ್ಲವೂ ಊರಿನ ಪತ್ತಿನ ಸೊಸೈಟಿಯಲ್ಲಿಯೋ, ಸೌಹಾರ್ದ ಸಹಕಾರಿಯಲ್ಲಿಯೋ ಇರುತ್ತದೆ. ಮಗುವಿನ ಪಾಸ್‌ಬುಕ್ ಕೇಳಿದರೆ ತಾಯಿ ಸೊಸೈಟಿಯ ಪುಸ್ತಕವನ್ನೇ ತಂದುಕೊಡುತ್ತಾಳೆ. ಆ ಸಂಸ್ಥೆ ಎಷ್ಟೇ ನಂಬಿಕಸ್ಥವಾಗಿರಲಿ, ಅದು ಬ್ಯಾಂಕ್ ಅಲ್ಲದ ಕಾರಣ ಸರ್ಕಾರದ ನೇರ ನಗದು ವರ್ಗಾವಣೆ ಅದಕ್ಕೆ ಬರುವುದಿಲ್ಲ. ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲಿ ಬ್ಯಾಂಕ್ ಅಥವಾ ಅಂಚೆ ಪಾವತಿ ಬ್ಯಾಂಕ್ ಖಾತೆ ಬೇಕು. ಹತ್ತು ವರ್ಷ ದಾಟಿದ ಮಕ್ಕಳಿಗೆ ಅಂಚೆ ಪಾವತಿ ಬ್ಯಾಂಕಿನ ಖಾತೆಯನ್ನು ಪೋಸ್ಟ್‌ಮನ್ನರು ಹಳ್ಳಿಯಲ್ಲಿಯೇ ತೆರೆದುಕೊಡುತ್ತಾರೆ.

ಖಾತೆಯಿದ್ದರಷ್ಟೇ ಸಾಲದು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳುವುದಕ್ಕೂ, ಎನ್‌ಪಿಸಿಐ ಪಟ್ಟಿಯಲ್ಲಿ ಆ ಖಾತೆ ಜೋಡಣೆಯಾಗಿರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಗುರುತಿನ ದಾಖಲೆ ಮಾತ್ರ. ಎರಡನೆಯದು ‘ಈ ಆಧಾರ್ ಸಂಖ್ಯೆಗೆ ಬರುವ ಸರ್ಕಾರದ ಹಣ ಈ ಬ್ಯಾಂಕಿಗೇ ಹೋಗಲಿ’ ಎಂಬ ವಿಳಾಸ. ಒಬ್ಬರಿಗೆ ಎರಡು ಖಾತೆಗಳಿದ್ದರೆ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಅದು ಎಂದೋ ತೆರೆದು ಮರೆತ, ವ್ಯವಹಾರವಿಲ್ಲದೆ ಸ್ಥಗಿತವಾಗಿರುವ ಖಾತೆಯಾಗಿರಲೂಬಹುದು. 2023ರಲ್ಲಿ ಗೃಹಲಕ್ಷ್ಮಿ ಆರಂಭವಾದಾಗ ಈ ಎನ್‌ಪಿಸಿಐ ಎಂಬ ಶಬ್ದ ನಮ್ಮ ಹಳ್ಳಿಗಳ ಅಜ್ಜಿಯರ ಬಾಯಿಗೂ ಬಂತು. ಮನೆಮನೆಗೆ ಹೋಗಿ ಖಾತೆ ಸರಿಪಡಿಸಿಕೊಟ್ಟವರು ನೀವೇ. ತಾಯಿಯ ಎರಡು ಸಾವಿರಕ್ಕೆ ಮಾಡಿದ ಶ್ರಮವನ್ನು ಮಗಳ ಹದಿನೈದು ಸಾವಿರಕ್ಕೆ ಮಾಡಲು ನಮಗೆ ಹೊಸ ವಿದ್ಯೆಯೇನೂ ಬೇಕಾಗಿಲ್ಲ.

ಮೂರನೆಯದು ಪ್ರಮಾಣಪತ್ರಗಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಆದಾಯ ಪ್ರಮಾಣಪತ್ರಕ್ಕೂ, ಉಳಿದ ಹಿಂದುಳಿದ ವರ್ಗಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೂ ಐದು ವರ್ಷದ ಅವಧಿಯಿದೆ. ಅಂದರೆ ಐದನೆಯ ತರಗತಿಯಲ್ಲಿ ಮಾಡಿಸಿದ ಪತ್ರ ಹತ್ತನೆಯ ತರಗತಿಯ ಹೊತ್ತಿಗೆ, ಸರಿಯಾಗಿ ಅದರ ಅಗತ್ಯ ಬೀಳುವ ಕಾಲಕ್ಕೆ, ಮುಗಿದಿರುತ್ತದೆ. ಪೋರ್ಟಲ್ ಕೇಳುವುದು ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು. ಸಿಇಟಿ ಅರ್ಜಿಯಲ್ಲಿಯೂ ಅದೇ ಸಂಖ್ಯೆ ಬೇಕು. ಜೂನ್ ತಿಂಗಳಲ್ಲಿ ನಾಡಕಚೇರಿಯ ಮುಂದಿನ ಸಾಲನ್ನು ನೋಡಿದವರಿಗೆ ಇದನ್ನು ಡಿಸೆಂಬರ್‌ನಲ್ಲಿಯೇ ಮುಗಿಸಬೇಕೆಂದು ಏಕೆ ಹೇಳುತ್ತೇನೆಂಬುದು ಅರ್ಥವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಪ್ರವಾಹದಲ್ಲಿ ಮನೆಯ ಜೊತೆಗೆ ಕಾಗದಪತ್ರಗಳನ್ನೂ ಕಳೆದುಕೊಂಡ ಕುಟುಂಬಗಳು ನದಿತೀರದ ಊರುಗಳಲ್ಲಿ ಇನ್ನೂ ಇವೆ. ಅವರ ಮಕ್ಕಳು ಈಗ ಪ್ರೌಢಶಾಲೆಗೆ ಬಂದಿದ್ದಾರೆ. ಅಂಥವರ ಹಳೆಯ ಆರ್‌ಡಿ ಸಂಖ್ಯೆ ಗೊತ್ತಿದ್ದರೆ ಪತ್ರವನ್ನು ಮತ್ತೆ ಮುದ್ರಿಸಿಕೊಳ್ಳಬಹುದು.

ನಾಲ್ಕನೆಯದು ಮೊಬೈಲ್ ಸಂಖ್ಯೆ. ಆಧಾರ್‌ಗೆ ಜೋಡಿಸಿದ ಸಿಮ್ ತಂದೆಯ ಕಿಸೆಯಲ್ಲಿರುತ್ತದೆ, ತಂದೆ ಶಿರೋಳಿಯ ಕಾರ್ಖಾನೆಯಲ್ಲಿರುತ್ತಾರೆ, ಓಟಿಪಿ ಅಲ್ಲಿಗೆ ಹೋಗುತ್ತದೆ. ಇನ್ನು ಕೆಲವು ಕಡೆ ಅರ್ಜಿ ತುಂಬಿಕೊಡುವ ಅಂಗಡಿಯವರು ತಮ್ಮದೇ ಸಂಖ್ಯೆಯನ್ನು ಹಾಕಿಬಿಡುತ್ತಾರೆ. ಮರುವರ್ಷ ನವೀಕರಣಕ್ಕೆ ಹೋದರೆ ಆ ಅಂಗಡಿಯೇ ಇರುವುದಿಲ್ಲ.

ಈಗ ನಮ್ಮ ಗಡಿಯ ವಿಷಯ. ರಾಜ್ಯದ ಬೇರೆ ಕಡೆಯ ಅಧಿಕಾರಿಗಳಿಗೆ ಇದನ್ನು ವಿವರಿಸಬೇಕಾಗುತ್ತದೆ, ನಿಮಗೆ ಬೇಕಾಗಿಲ್ಲ. ನಿಪ್ಪಾಣಿಯ ಮಗುವಿಗೆ ಕೊಲ್ಲಾಪುರ, ಕಾಗವಾಡದ ಮಗುವಿಗೆ ಮಿರಜ ಮತ್ತು ಸಾಂಗ್ಲಿ ಬೆಳಗಾವಿಗಿಂತ ಹತ್ತಿರ. ಹಿಂದೆಯೂ ಹಾಗೆಯೇ ಇತ್ತು. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಬೇರೆ ಬೇರೆ ಸಮುದಾಯಗಳ ಬಡ ವಿದ್ಯಾರ್ಥಿಗಳಿಗೆ ಬೋರ್ಡಿಂಗ್‌ಗಳನ್ನು ತೆರೆಯಿಸಿದರು. ಈ ಕಡೆ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. ಆಗ ಈಗಿನ ರಾಜ್ಯಗಳ ಗಡಿ ಇರಲಿಲ್ಲ. ಈಗಿನ ನೆರವು ರಾಜ್ಯದ ಬೊಕ್ಕಸದಿಂದ ಬರುವ ಕಾರಣ ಗಡಿ ದಾಟುವ ಮುನ್ನ ಕೇಳಿ ತಿಳಿಯಬೇಕಾದ ಸಂಗತಿಗಳಿವೆ.

ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ತಾಣದ ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ಆ ರಾಜ್ಯದ ಕಾಯಂ ನಿವಾಸಿಗಳಿಗೆ ಮೀಸಲು. ನಮ್ಮ ಮಗು ಅಲ್ಲಿ ಓದಿದರೂ ಅಲ್ಲಿಯ ನೆರವು ಸಿಗುವುದಿಲ್ಲ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ನಿಯಮ ಸ್ಪಷ್ಟವಾಗಿದೆ: ವಿದ್ಯಾರ್ಥಿ ಯಾವ ರಾಜ್ಯದ ನಿವಾಸಿಯೋ ಆ ರಾಜ್ಯವೇ ನೆರವು ನೀಡಬೇಕು, ಓದುವ ಊರು ಯಾವುದೇ ಇರಲಿ. ಉಳಿದ ವರ್ಗಗಳವರು ಹೊರರಾಜ್ಯದ ಕಾಲೇಜಿಗೆ ಶುಲ್ಕ ತುಂಬುವ ಮುನ್ನವೇ ತಾಲ್ಲೂಕಿನ ಹಿಂದುಳಿದ ವರ್ಗಗಳ ಅಥವಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ಕೇಂದ್ರ ಯೋಜನೆಗಳಿಗೆ ಈ ಗಡಿ ಅಡ್ಡಬರುವುದಿಲ್ಲ. ಜಾತಿಯ ವರ್ಗೀಕರಣವೂ ಎರಡು ರಾಜ್ಯಗಳಲ್ಲಿ ಬೇರೆ ಬೇರೆ. ನಮ್ಮಲ್ಲಿ ಕುರುಬರು ಪ್ರವರ್ಗ-2ಎಯಲ್ಲಿದ್ದರೆ ಅತ್ತ ಧನಗರರು ಅಲೆಮಾರಿ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ತವರು ಸಾಂಗ್ಲಿಯಾದ ತಾಯಿಯ ಪ್ರಮಾಣಪತ್ರವನ್ನು ಮಗುವಿನ ಅರ್ಜಿಗೆ ಲಗತ್ತಿಸಿ ಕಳಿಸಿದ ಪ್ರಕರಣಗಳನ್ನು ನಾನು ನೋಡಿದ್ದೇನೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಜೈನ ರೈತ ಕುಟುಂಬಗಳು ಬಹಳ. 2014ರಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಆದರೂ ಎರಡೆಕರೆಯ ಬಡ ಜೈನ ರೈತ ಅಲ್ಪಸಂಖ್ಯಾತರ ಕಚೇರಿಯ ಬಾಗಿಲು ತನ್ನದಲ್ಲವೆಂದೇ ಭಾವಿಸುತ್ತಾನೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶೈಕ್ಷಣಿಕ ಸಾಲ ಆತನ ಮಗಳಿಗೂ ಅನ್ವಯಿಸುತ್ತದೆ ಎಂದು ದಯವಿಟ್ಟು ತಿಳಿಸಿ.

ನಿಪ್ಪಾಣಿ ಭಾಗದ ಸದಸ್ಯರು ಈಗ ಸ್ವಲ್ಪ ಹೆಚ್ಚು ಗಮನ ಕೊಡಬೇಕೆಂದು ಕೋರುತ್ತೇನೆ. ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಪ್ರತ್ಯೇಕ ಶೈಕ್ಷಣಿಕ ನೆರವು ಇದೆ. ಅರ್ಜಿ ರಾಷ್ಟ್ರೀಯ ಪೋರ್ಟಲಿನಲ್ಲಿ. ವರ್ಷಕ್ಕೆ ಒಂಬತ್ತು ಮತ್ತು ಹತ್ತನೆಯ ತರಗತಿಗೆ 2,000 ರೂಪಾಯಿ, ಪಿಯುಸಿಗೆ 3,000, ಐಟಿಐ, ಡಿಪ್ಲೊಮಾ ಮತ್ತು ಸಾಮಾನ್ಯ ಪದವಿಗೆ 6,000, ಇಂಜಿನಿಯರಿಂಗ್ ವೈದ್ಯಕೀಯದಂತಹ ವೃತ್ತಿಪರ ಪದವಿಗೆ 25,000. ಇದಕ್ಕೆ ಬೇಕಾದ ಮುಖ್ಯ ದಾಖಲೆ ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ. 1980ರ ದಶಕದಲ್ಲಿ ನಿಪ್ಪಾಣಿಯ ತಂಬಾಕು ಮತ್ತು ಬೀಡಿ ಕೆಲಸದ ಮಹಿಳೆಯರು ಸಂಘ ಕಟ್ಟಿ ಹೋರಾಡಿದ್ದನ್ನು ಹಿರಿಯ ಸದಸ್ಯರು ಕಣ್ಣಾರೆ ಕಂಡಿರಬಹುದು. ತಾವೂ ಕಾರ್ಮಿಕರೆಂದು ಲೆಕ್ಕಕ್ಕೆ ಬರಬೇಕೆಂಬುದೂ ಆ ಹೋರಾಟದಲ್ಲಿತ್ತು. ಇಂದು ಎಷ್ಟೋ ಮನೆಗಳಲ್ಲಿ ಆ ಚೀಟಿ ಟ್ರಂಕಿನ ತಳದಲ್ಲಿದೆ. ಕೆಲವರು ಚೀಟಿಯಿಲ್ಲದೆ ಬೇರೆಯವರ ಪಾಸಿನ ಮೇಲೆ ಎಲೆ ತಂದು ಬೀಡಿ ಕಟ್ಟುತ್ತಿದ್ದಾರೆ.

ಡಿಪ್ಲೊಮಾ ಸೇರಬೇಕೆಂದಿದ್ದ ಒಬ್ಬ ಹುಡುಗಿಯ ತಾಯಿಯ ಚೀಟಿಯನ್ನು ನಾನು ನೋಡಿದೆ. ಅದರಲ್ಲಿ ತವರಿನ ಹೆಸರಿತ್ತು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ‘ಸಾಹೇಬರೇ, ಎರಡೂ ನಾನೇ ಅಲ್ಲವೇ?’ ಎಂದು ಆಕೆ ಕೇಳಿದರು. ಹೌದು, ಎರಡೂ ಅವರೇ. ಅದನ್ನು ಕಾಗದದ ಮೇಲೆ ಸಾಬೀತುಪಡಿಸಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ವರ್ಷದ ಗಡುವು ಮುಗಿದುಹೋಯಿತು. ಎರಡನೆಯ ವರ್ಷಕ್ಕೆ ಹುಡುಗಿಗೆ ನೆರವು ಬಂತು. ಮೊದಲ ವರ್ಷದ ಹಣವನ್ನು ಮಾತ್ರ ಯಾರೂ ತುಂಬಿಕೊಡಲಾರರು.

ಯೋಜನೆಗಳ ಹೆಸರುಗಳನ್ನು ಹೇಳುತ್ತೇನೆಂದು ಹೇಳಿದ್ದೆ, ಮುಖ್ಯವಾದವನ್ನು ಮಾತ್ರ ವೇಗವಾಗಿ ಹೇಳುತ್ತೇನೆ. ಎಂಟನೆಯ ತರಗತಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯಿದೆ. ಪೋಷಕರ ಆದಾಯ ಮೂರೂವರೆ ಲಕ್ಷ ಮೀರದಿದ್ದು ಮಗು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿಯ ಬಳಿಕ ಕೇಳಿಬರುವ ಯೋಜನೆಗಳಿಗಿಂತ ಇದು ದೊಡ್ಡದು, ಏಕೆಂದರೆ ಇದು ಮಗುವನ್ನು ಹತ್ತನೆಯ ತರಗತಿಯ ಕಂದಕವನ್ನು ದಾಟಿಸುತ್ತದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಆದಾಯದ ಮಿತಿ ಎರಡೂವರೆ ಲಕ್ಷ. ಅದರಲ್ಲಿ ರಾಜ್ಯದ ಪಾಲು ಶೇಕಡಾ 40 ಮೊದಲು, ಕೇಂದ್ರದ ಪಾಲು ಶೇಕಡಾ 60 ಆಮೇಲೆ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ‘ಅರ್ಧವೇ ಬಂತು’ ಎಂದು ಗಾಬರಿಯಾಗಬಾರದು, ಬಂದ ಹಣದಲ್ಲಿ ಕಾಲೇಜಿನ ಶುಲ್ಕವೂ ಸೇರಿದೆ ಎಂಬುದನ್ನು ಮರೆತು ಮೊಬೈಲ್ ಕೊಳ್ಳಲೂಬಾರದು. ಪ್ರಥಮ ಪ್ರಯತ್ನದಲ್ಲಿಯೇ ಪ್ರಥಮ ದರ್ಜೆಯಲ್ಲಿ ಪಿಯುಸಿ ಮುಗಿಸಿದ ಪರಿಶಿಷ್ಟ ವಿದ್ಯಾರ್ಥಿಗೆ ಸಮಾಜ ಕಲ್ಯಾಣ ಇಲಾಖೆಯಿಂದ 20,000 ರೂಪಾಯಿಯ ಪ್ರೋತ್ಸಾಹಧನವಿದೆ. ಅದಕ್ಕೆ ಬೇರೆಯೇ ಅರ್ಜಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ ಮತ್ತು ವಸತಿಯ ಸಹಾಯ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು, ಅದಕ್ಕೆ ತಂದೆಯ ಅಥವಾ ತಾಯಿಯ ಫ್ರೂಟ್ಸ್ ಸಂಖ್ಯೆ ಬೇಕು. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಫ್ರೂಟ್ಸ್ ನೋಂದಣಿಯೇ ಕಷ್ಟ, ವಾರಸಾ ಮಾಡಿಸಿಕೊಳ್ಳಲು ಇದೂ ಒಂದು ಕಾರಣ. ಯಾವ ಯೋಜನೆ ಆ ವರ್ಷ ಜಾರಿಯಲ್ಲಿದೆ, ಆದಾಯದ ಮಿತಿಯೆಷ್ಟು ಎಂಬುದನ್ನು ಪ್ರತಿವರ್ಷ ಆದೇಶ ನೋಡಿಯೇ ಹೇಳಬೇಕು, ಹೋದ ವರ್ಷದ ನೆನಪಿನಿಂದ ಹೇಳಬಾರದು.

ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹುಡುಗಿಯರಿಗೆ ಅವಕಾಶ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ, ಅವುಗಳಿಗೆ ಬೋಧನಾ ಶುಲ್ಕವಿಲ್ಲ, ಅಲ್ಲಿಯೂ ಆದಾಯದ ಮಿತಿ ಎಂಟು ಲಕ್ಷ. ನಾನು ಇಂಜಿನಿಯರಿಂಗ್ ಓದಿದವನಾದರೂ ಈ ಹೆಸರನ್ನು ಕೇಳಿದ್ದು ಓದು ಮುಗಿದ ಮೇಲೆ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಇನ್ನು ಬ್ಯಾಂಕಿನ ಶೈಕ್ಷಣಿಕ ಸಾಲ. ನಾಲ್ಕು ಲಕ್ಷದವರೆಗೆ ಬ್ಯಾಂಕುಗಳು ಆಸ್ತಿಯ ಒತ್ತೆ ಕೇಳುವಂತಿಲ್ಲ. ಇದು ಗೊತ್ತಿಲ್ಲದೆ ಹೊಲವನ್ನು ಸೊಸೈಟಿಗೆ ಬರೆದುಕೊಟ್ಟು ಹೆಚ್ಚಿನ ಬಡ್ಡಿಗೆ ಹಣ ತಂದವರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ.

ತಾಯಿಯೊಬ್ಬಳೇ ಇರುವ ಮನೆಗಳ ಬಗ್ಗೆ ಒಂದು ವಿನಂತಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರಲ್ಲಿಯೇ ಬಂದಿದ್ದರೂ ಆ ಪದ್ಧತಿಗೆ ಬಲಿಯಾದ ತಾಯಂದಿರು ನಮ್ಮ ಭಾಗದಲ್ಲಿ ಇದ್ದಾರೆ. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳೂ ಇದ್ದಾರೆ. ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಬಂದಾಗ ಆ ಮಗು ತುಂಬಿದ ಕೋಣೆಯಲ್ಲಿ ತಲೆತಗ್ಗಿಸಿ ಎದ್ದುಹೋಗುತ್ತದೆ, ಮತ್ತೆ ಬರುವುದಿಲ್ಲ. ಇಂಥ ಮಕ್ಕಳ ಅರ್ಜಿಯನ್ನು ಬೇರೆ ಸಮಯದಲ್ಲಿ, ಒಬ್ಬ ಮಹಿಳಾ ಸದಸ್ಯರ ಸಮ್ಮುಖದಲ್ಲಿ ತುಂಬಿಸಿ. ಅವರ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ.

ಹಾಗಾದರೆ ಸದಸ್ಯರು ಏನು ಮಾಡಬೇಕು? ನಮ್ಮ ಪಂಚಾಯತಿಯಲ್ಲಿ ನಾವು ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಎಂಟರಿಂದ ಹತ್ತನೆಯ ತರಗತಿಯವರೆಗೆ ಓದುವ ನಮ್ಮ ಊರುಗಳ ಪ್ರತಿ ಮಗುವಿಗೆ ಅದರಲ್ಲಿ ಒಂದು ಸಾಲು. ಹೆಸರು ಹೊಂದಾಣಿಕೆಯಾಗಿದೆಯೇ, ಖಾತೆ ಜೋಡಣೆಯಾಗಿದೆಯೇ, ಪ್ರಮಾಣಪತ್ರ ಯಾವ ವರ್ಷದವರೆಗೆ ನಡೆಯುತ್ತದೆ, ಮೊಬೈಲ್ ಯಾರ ಬಳಿಯಿದೆ, ತಾಯಿಗೋ ತಂದೆಗೋ ಕಾರ್ಮಿಕರ ಚೀಟಿಯಿದೆಯೇ, ಇಷ್ಟೇ ಕಾಲಂಗಳು. ಆಧಾರ್ ಸಂಖ್ಯೆಯನ್ನಾಗಲಿ ಖಾತೆಯ ಸಂಖ್ಯೆಯನ್ನಾಗಲಿ ಅದರಲ್ಲಿ ಬರೆಯುವುದಿಲ್ಲ, ‘ಹೌದು’ ಅಥವಾ ‘ಇಲ್ಲ’ ಎಂದು ಮಾತ್ರ. ಪಟ್ಟಿಯನ್ನು ಶಾಲೆಯವರು ಕೊಡುತ್ತಾರೆ. ಆಯಾ ವಾರ್ಡಿನ ಸದಸ್ಯರು ತಮ್ಮ ವಾರ್ಡಿನ ‘ಇಲ್ಲ’ಗಳನ್ನು ‘ಹೌದು’ ಮಾಡಿಸುವ ಹೊಣೆ ಹೊರುತ್ತಾರೆ. ಒಂದು ವಾರ್ಡಿಗೆ ಹತ್ತು ಹದಿನೈದು ಮನೆಗಳಿಗಿಂತ ಹೆಚ್ಚು ಬರುವುದಿಲ್ಲ. ಮೊದಲ ವರ್ಷ ನಮ್ಮ ಒಬ್ಬ ಸದಸ್ಯರು ಇದನ್ನು ‘ಮತ ಇಲ್ಲದವರ ಕೆಲಸ’ ಎಂದು ನಕ್ಕಿದ್ದರು. ಮರುವರ್ಷ ಅವರೇ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದರು.

ಮಕ್ಕಳ ಗ್ರಾಮಸಭೆಯನ್ನು ಪ್ರತಿವರ್ಷ ನಡೆಸುತ್ತೇವೆ, ಹಾಡು ಭಾಷಣ ಮುಗಿಸಿ ಬಿಸ್ಕತ್ತು ಹಂಚಿ ಕಳಿಸುತ್ತೇವೆ. ಅದೇ ದಿನ ಪೋಸ್ಟ್‌ಮನ್ನರನ್ನೂ ಗ್ರಾಮ ಆಡಳಿತ ಅಧಿಕಾರಿಯನ್ನೂ ಕರೆಸಿ ಎರಡು ಮೇಜು ಹಾಕಿದರೆ ಖಾತೆ ಮತ್ತು ಪ್ರಮಾಣಪತ್ರದ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ನಮ್ಮ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಯ ಗಣಕಯಂತ್ರಕ್ಕೆ ಬಟ್ಟೆ ಹೊದಿಸಿ ಇಡುವುದು ಬಿಟ್ಟು, ಅರ್ಜಿಯ ಕಾಲದಲ್ಲಿ ಕಾಲೇಜು ಓದುತ್ತಿರುವ ಊರಿನ ಹುಡುಗ ಹುಡುಗಿಯರನ್ನು ಸಂಜೆ ಎರಡು ಗಂಟೆ ಕೂರಿಸಿ. ತಾವು ಕಳೆದ ವರ್ಷ ಎಡವಿದ ಜಾಗವನ್ನು ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಮ್ಮ ಸ್ವಂತ ಸಂಪನ್ಮೂಲದಲ್ಲಿ ಒಂದು ಪಾಲು ಪರಿಶಿಷ್ಟರ ಕಲ್ಯಾಣಕ್ಕೆ, ಶೇಕಡಾ 5ರಷ್ಟು ವಿಶೇಷಚೇತನರಿಗೆ ಮೀಸಲಿದೆ. ಮಾರ್ಚ್ ತಿಂಗಳಲ್ಲಿ ತರಾತುರಿಯಲ್ಲಿ ವಸ್ತುಗಳನ್ನು ಖರೀದಿಸುವ ಬದಲು ನಿಯಮಾನುಸಾರ ಅದರಿಂದ ಜೂನ್ ತಿಂಗಳಲ್ಲಿ ಪ್ರವೇಶ ಶುಲ್ಕಕ್ಕೆ ಸಹಾಯಧನ ಕೊಟ್ಟರೆ, ವಿದ್ಯಾರ್ಥಿವೇತನ ಬರುವವರೆಗಿನ ಆರು ತಿಂಗಳನ್ನು ಆ ಮಗು ದಾಟುತ್ತದೆ. ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಏಪ್ರಿಲ್‌ನಲ್ಲಿಯೇ ಇದನ್ನು ಠರಾವಿಗೆ ತನ್ನಿ.

ಎರಡು ಎಚ್ಚರಿಕೆಗಳು. ವಿದ್ಯಾರ್ಥಿವೇತನ ಮಂಜೂರಾಗಿದೆ, ಓಟಿಪಿ ಹೇಳಿ ಎಂದು ಬರುವ ಕರೆಗಳು ಹೆಚ್ಚಾಗಿವೆ, ಯಾವ ಇಲಾಖೆಯೂ ಹಾಗೆ ಕೇಳುವುದಿಲ್ಲ. ಹಾಗೆಯೇ ‘ಮಂಜೂರಾತಿ ಮಾಡಿಸಿಕೊಡುತ್ತೇನೆ’ ಎಂದು ಹಣ ಕೇಳುವ ಮಧ್ಯವರ್ತಿಗಳಿದ್ದಾರೆ. ಅವರಲ್ಲಿ ಕೆಲವರು ನಮ್ಮ ನಿಮ್ಮ ಹೆಸರನ್ನೂ ಹೇಳುತ್ತಾರೆ. ಸದಸ್ಯರು ಗ್ರಾಮಸಭೆಯಲ್ಲಿ ನಿಂತು ‘ಇದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ’ ಎಂದು ಬಾಯಿಬಿಟ್ಟು ಹೇಳಿದ ಊರಿನಲ್ಲಿ ಅಂಥವರ ಕಾಟ ಕಡಿಮೆ.

ನನಗೆ ಕೊಟ್ಟ ಸಮಯ ಮುಗಿದಿದೆ. ನಮ್ಮ ರಿಜಿಸ್ಟರಿನ ನಮೂನೆಯನ್ನು ಐದೂ ತಾಲ್ಲೂಕುಗಳಿಗೆ ಬೇರೆ ಬೇರೆ ಗಂಟು ಕಟ್ಟಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಕಾಗವಾಡ ಮತ್ತು ನಿಪ್ಪಾಣಿಯವರ ನಮೂನೆಯಲ್ಲಿ ‘ಹೊರರಾಜ್ಯದಲ್ಲಿ ಓದುವ ಇಚ್ಛೆಯಿದೆಯೇ’ ಎಂಬ ಒಂದು ಕಾಲಂ ಹೆಚ್ಚಿಗೆ ಇದೆ, ಉಳಿದವರಿಗೂ ಬೇಕಿದ್ದರೆ ಸೇರಿಸಿಕೊಳ್ಳಬಹುದು. ಅಥಣಿ ಕಡೆಯ ಸದಸ್ಯರಿಗೆ ಬಸ್ಸಿನ ಹೊತ್ತಾಗಿದೆ ಎಂದು ಕೇಳಿದೆ, ಆದ್ದರಿಂದ ಅವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ.